ಮಕ್ಕಳ ಬೊಜ್ಜು: ಹೌಸ್ ಸರ್ಜನ್, ಪಿಜಿಗಳಿಗೆ ಕಲಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಹನ್ನೊಂದು ವರ್ಷದ ಹುಡುಗ. ಒಂದೇ ವರ್ಷದಲ್ಲಿ ನಾಲ್ಕು ಸಲ ನಮ್ಮ ಮಕ್ಕಳ ಓಪಿಡಿಗೆ ಬಂದಿದ್ದ. ಎರಡು ಸಲ ಕೆಮ್ಮು, ಒಂದು ಸಲ ಜ್ವರ, ಒಂದು ಸಲ ಹೊಟ್ಟೆನೋವು. ನಾಲ್ಕೂ ಚೀಟಿಯಲ್ಲಿ ತೂಕ ಬರೆದಿತ್ತು. ಔಷಧಿಯ ಡೋಸ್ ಲೆಕ್ಕಕ್ಕೆ ತೂಕ ಬೇಕಲ್ಲ, ಅದಕ್ಕೆ. ಕೊನೆಯ ಚೀಟಿಯಲ್ಲಿ 52 ಕೆಜಿ ಅಂತ ಇತ್ತು. ಎತ್ತರ ಮಾತ್ರ ಯಾವ ಚೀಟಿಯಲ್ಲೂ ಇಲ್ಲ. ಕತ್ತಿನ ಹಿಂದೆ ದಪ್ಪನೆಯ ಕಪ್ಪು ಪಟ್ಟಿ. ಕೊಳೆ ಅಂದುಕೊಂಡು ಅಮ್ಮ ದಿನಾ ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಒಂದು ಕಡೆ ಚರ್ಮ ಕಿತ್ತು ಬಂದಿತ್ತು.

ಅವನನ್ನು ನೋಡಿದ ನಾಲ್ವರು ಯುವ ವೈದ್ಯರಿಗೆ ಓದು ಕಮ್ಮಿ ಇರಲಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಆ ಕಪ್ಪು ಪಟ್ಟಿಯ ಬಗ್ಗೆ ಎರಡು ಪುಟ ಬರೆಯುತ್ತಿದ್ದರು. ಆದರೆ ಕೈ ಎತ್ತರದ ಅಳತೆಗೆ ಹೋಗಲಿಲ್ಲ, ಕಣ್ಣು ಕತ್ತಿನ ಹಿಂದೆ ಹೋಗಲಿಲ್ಲ. ಇದು ಅವರೊಬ್ಬರ ತಪ್ಪಲ್ಲ, ಕಲಿಸುವ ನಮ್ಮದು. ಬೊಜ್ಜಿನ ಮೇಲೆ ಒಂದು ಗಂಟೆ ಕ್ಲಾಸ್ ತೆಗೆದುಕೊಂಡು ಮುಗಿಯಿತು ಅಂದುಕೊಳ್ಳುತ್ತೇವೆ.

ಅದಕ್ಕೇ ಈ ಬರಹ ಯೂನಿಟ್ ಮುಖ್ಯಸ್ಥರಿಗೆ, ಅಸಿಸ್ಟೆಂಟ್ ಪ್ರೊಫೆಸರ್‌ಗಳಿಗೆ, ಸೀನಿಯರ್ ರೆಸಿಡೆಂಟ್‌ಗಳಿಗೆ. ಹೌಸ್ ಸರ್ಜನ್‌ಗಳಿಗೆ, ಅಂದರೆ ಇಂಟರ್ನ್‌ಶಿಪ್‌ನಲ್ಲಿರುವ ವೈದ್ಯರಿಗೆ, ಮತ್ತು ಪಿಜಿಗಳಿಗೆ, ಅಂದರೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ, ಮೂರ್ನಾಲ್ಕು ವಾರದ ಪೋಸ್ಟಿಂಗ್‌ನಲ್ಲಿ ಕಲಿಸಿ ಮುಗಿಸಬಹುದಾದ ಕ್ರಮ ಇದು. ಟೇಪು ಮೊದಲು, ಸ್ಲೈಡ್ ಕೊನೆಗೆ.

## ಶುರು ಮಾಡುವ ಮುಂಚೆ ಬೇಕಾದ ಸಾಮಾನು

ನಿಲ್ಲಿಸಿ ಎತ್ತರ ಅಳೆಯಲು ಗೋಡೆಗೆ ಸರಿಯಾಗಿ ಕೂರಿಸಿದ ಸ್ಟೇಡಿಯೋಮೀಟರ್, ಎರಡು ವರ್ಷದೊಳಗಿನ ಮಕ್ಕಳಿಗೆ ಮಲಗಿಸಿ ಅಳೆಯುವ ಇನ್‌ಫ್ಯಾಂಟೋಮೀಟರ್, ಡಿಜಿಟಲ್ ತೂಕದ ಯಂತ್ರ, ಹಿಗ್ಗದ ಟೇಪು, ತೋಳಿಗೆ ಸುತ್ತುವ, ಮೂರ್ನಾಲ್ಕು ಅಳತೆಯ ಬಿಪಿ ಕಫ್‌ಗಳು. ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಚಾರ್ಟ್. 5ರಿಂದ 18 ವರ್ಷಕ್ಕೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ, ಅಂದರೆ ಐಎಪಿಯ, 2015ರ ಚಾರ್ಟ್. ಎರಡನ್ನೂ ಹುಡುಗ, ಹುಡುಗಿಯರಿಗೆ ಬೇರೆ ಬೇರೆಯಾಗಿ ಪ್ರಿಂಟ್ ತೆಗೆದು ಓಪಿಡಿ ಮೇಜಿನ ಮೇಲೇ ಇಡಿ. ಬೀರುವಿನೊಳಗೆ ಇಟ್ಟ ಚಾರ್ಟ್ ಯಾರ ಕೈಗೂ ಬರುವುದಿಲ್ಲ.

ಒಂದು ಉರುಳೆ ದಾರವೂ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

## ಹಂತ 1: ಅಳೆಯಲು ಕಲಿಸಿ

ಮೊದಲ ಮೂರು ದಿನ ಇದೊಂದೇ ಕೆಲಸ. "ಎತ್ತರ ಅಳೆಯೋದು ನರ್ಸ್ ಕೆಲಸ ಅಲ್ವಾ ಸಾರ್?" ಎಂದು ಕೇಳುವವರು ಇರುತ್ತಾರೆ. ಅಳತೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ ಎಂದು ಅಲ್ಲೇ ಲೆಕ್ಕ ಮಾಡಿ ತೋರಿಸಿ. ಮೇಲಿನ ಹುಡುಗನ ಎತ್ತರ 140 ಸೆಂ.ಮೀ. ಬಿಎಂಐ, ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ, 26.5. ಜುಟ್ಟಿನ ಮೇಲೆ ಪಟ್ಟಿ ಇಟ್ಟು 142 ಅಂತ ಬರೆದರೆ 25.8ಕ್ಕೆ ಇಳಿಯುತ್ತದೆ. ಎರಡು ಸೆಂಟಿಮೀಟರ್ ತಪ್ಪಿಗೆ ಮುಕ್ಕಾಲು ಪಾಯಿಂಟ್ ಹೋಯಿತು. ಚಾರ್ಟಿನ ಬೊಜ್ಜಿನ ಗೆರೆಯ ಹತ್ತಿರ ಇರುವ ಮಗುವಾದರೆ ಇಷ್ಟರಲ್ಲೇ ತಪ್ಪಿಹೋಗುತ್ತದೆ.

ಚಪ್ಪಲಿ, ಶೂ, ಸಾಕ್ಸ್ ಬಿಚ್ಚಿಸಿ. ಜುಟ್ಟು, ಕ್ಲಿಪ್ಪು, ಹೂವು ತೆಗೆಸಿ. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿರಲಿ. ತುಂಬ ದಪ್ಪ ಇರುವ ಮಗುವಿಗೆ ಎಲ್ಲವೂ ಒಟ್ಟಿಗೆ ತಾಗುವುದಿಲ್ಲ, ಬಲವಂತ ಮಾಡಬೇಡಿ, ನೆಟ್ಟಗೆ ನಿಂತರೆ ಸಾಕು. ಕಣ್ಣಿನ ಕೆಳ ಅಂಚು ಮತ್ತು ಕಿವಿಯ ತೂತು ಒಂದೇ ಮಟ್ಟದಲ್ಲಿರಬೇಕು.

ಅಭ್ಯಾಸ ಹೀಗೆ: ಒಂದೇ ಮಗುವನ್ನು ಇಬ್ಬರು ಒಬ್ಬರಿಗೊಬ್ಬರು ಹೇಳದೆ ಅಳೆಯಲಿ. ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಅಳೆಯಲಿ. ಹತ್ತು ಮಕ್ಕಳಾಗುವ ಹೊತ್ತಿಗೆ ಕೈ ಕೂರುತ್ತದೆ.

ಸೊಂಟದ ಅಳತೆಯಲ್ಲಿ ಎಲ್ಲರೂ ಮಾಡುವ ತಪ್ಪು, ಪ್ಯಾಂಟಿನ ಪಟ್ಟಿಯ ಮೇಲೆ ಟೇಪು ಸುತ್ತುವುದು. ಕೊನೆಯ ಪಕ್ಕೆಲುಬಿನ ಕೆಳಗಿನ ಅಂಚು, ಸೊಂಟದ ಮೂಳೆಯ ಮೇಲಿನ ಅಂಚು, ಇವೆರಡರ ನಡುಮಧ್ಯೆ ಸುತ್ತಬೇಕು. ಮಗು ಉಸಿರು ಬಿಟ್ಟಾಗ ಓದಬೇಕು. ಸೊಂಟ ಎತ್ತರದ ಅರ್ಧಕ್ಕಿಂತ ಜಾಸ್ತಿ ಇದ್ದರೆ ಹೊಟ್ಟೆಯ ಸುತ್ತ ಕೊಬ್ಬು ಕೂತಿದೆ ಎಂದು ಅನುಮಾನಿಸಬೇಕು. ದಾರ ಬೇಕಾಗುವುದು ಇಲ್ಲಿ. ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಎರಡು ಮಡಿಕೆ ಮಾಡಿ, ಸೊಂಟಕ್ಕೆ ಸುತ್ತಿ. ತುದಿಗೆ ತುದಿ ಮುಟ್ಟದಿದ್ದರೆ ಸೊಂಟ ಜಾಸ್ತಿ ಇದೆ ಎಂದರ್ಥ. ಓದು ಬರಹ ಬಾರದ ಅಜ್ಜಿಗೂ ಇದು ಕಣ್ಣಾರೆ ಗೊತ್ತಾಗುತ್ತದೆ. ಆ ದಾರವನ್ನು ಮನೆಗೇ ಕೊಟ್ಟು ಕಳಿಸಿ.

ಬಿಪಿ ಮೂರು ವರ್ಷದಿಂದಲೇ ನೋಡಬೇಕು. ಮಗು ಅಂತ ಮಕ್ಕಳ ಕಫ್ ಸುತ್ತಿಬಿಡುತ್ತಾರೆ. ತೋಳು ದಪ್ಪ ಇದ್ದು ಕಫ್ ಚಿಕ್ಕದಾದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ 40 ಶೇಕಡಾ ಆದರೂ ಇರಬೇಕು, ಉದ್ದ 80ರಿಂದ 100 ಶೇಕಡಾ ಸುತ್ತಬೇಕು. ಹತ್ತು ಹನ್ನೊಂದು ವರ್ಷಕ್ಕೇ ದೊಡ್ಡವರ ಕಫ್ ಬೇಕಾಗಬಹುದು. 13 ದಾಟಿದವರಿಗೆ 130/80 ಮುಟ್ಟಿದರೆ ಹೈ ಬಿಪಿ. ಅದಕ್ಕಿಂತ ಚಿಕ್ಕವರಿಗೆ ವಯಸ್ಸು, ಲಿಂಗ, ಎತ್ತರದ ಪಟ್ಟಿ ನೋಡಬೇಕು. ಒಂದು ರೀಡಿಂಗ್ ನೋಡಿ ಹೈ ಬಿಪಿ ಎಂದು ಬರೆಯಬಾರದು, ಮೂರು ಬೇರೆ ಬೇರೆ ದಿನ ನೋಡಬೇಕು.

## ಹಂತ 2: ಚಾರ್ಟಿನಲ್ಲಿ ಚುಕ್ಕಿ ಇಡಿಸಿ

ಹೆಸರು ತೆಗೆದ ಇಪ್ಪತ್ತು ಹಳೆಯ ಓಪಿಡಿ ಚೀಟಿ ಕೊಡಿ. ಬಿಎಂಐ ಲೆಕ್ಕ ಮಾಡಿ ಚಾರ್ಟಿನಲ್ಲಿ ಚುಕ್ಕಿ ಇಡಲಿ. ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ಬರುತ್ತವೆ.

ಮೊದಲನೆಯದು ವಯಸ್ಸು. ನಮ್ಮಲ್ಲಿ "ಆರು ನಡೀತಿದೆ" ಅಂದರೆ ಐದು ತುಂಬಿದೆ ಎಂದರ್ಥ. ಕೇಳಿದ್ದನ್ನು ಹಾಗೇ ಬರೆದುಕೊಂಡರೆ ಚುಕ್ಕಿ ಒಂದು ವರ್ಷ ಆಚೆ ಬೀಳುತ್ತದೆ. ಹುಟ್ಟಿದ ತಾರೀಖು ಕೇಳಿಸಿ.

ಎರಡನೆಯದು ಫೋನಿನ ಬಿಎಂಐ ಆಪ್. ಅದರಲ್ಲಿರುವುದು ಸಾಮಾನ್ಯವಾಗಿ ದೊಡ್ಡವರ ಲೆಕ್ಕ. ಆರು ವರ್ಷದ ಮಗುವಿಗೆ ಬಿಎಂಐ 20 ಬಂದರೆ ಆಪ್ ನಾರ್ಮಲ್ ಎನ್ನುತ್ತದೆ. ಚಾರ್ಟಿನಲ್ಲಿ ಅದೇ ಮಗು ಬೊಜ್ಜಿನ ಗೆರೆ ದಾಟಿರುತ್ತದೆ.

ಮೂರನೆಯದು ಗೆರೆಗಳ ಗೊಂದಲ. ಐಎಪಿ ಚಾರ್ಟಿನಲ್ಲಿ 23 ಮತ್ತು 27 ಎಂದು ಬರೆದ ಎರಡು ಗೆರೆ ಇವೆ. ಅದು ಮಗುವಿನ ಬಿಎಂಐ ಅಲ್ಲ. ಈ ಗೆರೆಯ ಮೇಲೇ ಬೆಳೆದರೆ ದೊಡ್ಡವನಾದಾಗ 23 ಅಥವಾ 27ಕ್ಕೆ ಹೋಗಿ ನಿಲ್ಲುತ್ತಾನೆ ಎಂದರ್ಥ. 23ರ ಗೆರೆ ದಾಟಿದರೆ ಅತಿತೂಕ, 27ರದ್ದು ದಾಟಿದರೆ ಬೊಜ್ಜು. ಐದು ವರ್ಷದ ಒಳಗೆ ಬೇರೆ ಲೆಕ್ಕ: ಎತ್ತರಕ್ಕೆ ತಕ್ಕ ತೂಕದ ಚಾರ್ಟಿನಲ್ಲಿ ಪ್ಲಸ್ 2 ಎಸ್‌ಡಿ (ಸರಾಸರಿಯಿಂದ ಎಷ್ಟು ದೂರ ಎಂದು ತೋರಿಸುವ ಗೆರೆ) ದಾಟಿದರೆ ಅತಿತೂಕ, ಪ್ಲಸ್ 3 ದಾಟಿದರೆ ಬೊಜ್ಜು.

ಎತ್ತರದ ಚುಕ್ಕಿಯನ್ನೂ ಪಕ್ಕದಲ್ಲೇ ಇಡಿಸಿ. ಮುಂದಿನ ಹಂತಕ್ಕೆ ಅದೇ ದಾರಿದೀಪ.

## ಹಂತ 3: ಮೈ ನೋಡಲು ಕಲಿಸಿ

ಒಂದು ಸೂತ್ರ ಬಾಯಿಪಾಠ ಆಗಲಿ: ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ವಯಸ್ಸಿಗೆ ಎತ್ತರವಾಗಿಯೇ ಇರುತ್ತದೆ. ದಪ್ಪ ಇದ್ದು ಕುಳ್ಳಗಿದ್ದರೆ, ಅಥವಾ ಎತ್ತರ ಬೆಳೆಯುವುದು ನಿಂತಿದ್ದರೆ, ಹಾರ್ಮೋನ್ ಅಥವಾ ವಂಶವಾಹಿಯ ಕಾಯಿಲೆ ಹುಡುಕಬೇಕು. ಥೈರಾಯ್ಡ್ ಕೊರತೆ, ಕುಶಿಂಗ್ (ಮೈಯಲ್ಲಿ ಸ್ಟೀರಾಯ್ಡ್ ಹೆಚ್ಚಾಗುವ ಕಾಯಿಲೆ), ಪ್ರಾಡರ್ ವಿಲ್ಲಿ (ವಂಶವಾಹಿಯ ಕಾಯಿಲೆ), ಇವೆಲ್ಲ ಆಗ ಮಾತ್ರ ತಲೆಗೆ ಬರಲಿ. ಹುಟ್ಟಿದಾಗ ಮೈ ಸಡಿಲ ಇತ್ತೇ, ಹಾಲು ಚೀಪಲು ಕಷ್ಟವಾಗಿ ಆಮೇಲೆ ಹಸಿವು ಹಿಡಿತ ತಪ್ಪಿತೇ, ಕೈಕಾಲಿನ ಬೆರಳು ಆರು ಇವೆಯೇ, ರಾತ್ರಿ ಕಣ್ಣು ಕಾಣುವುದು ಕಮ್ಮಿಯೇ, ಎಂದು ಕೇಳಿ ನೋಡಲಿ.

ಕತ್ತಿನ ಹಿಂದೆ, ಕಂಕುಳಲ್ಲಿ ವೆಲ್ವೆಟ್ಟಿನಂಥ ಕಪ್ಪು ಚರ್ಮ ಇದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಕಾಲರ್ ಸರಿಸಿ ನೋಡಿಸಿ. ಮನೆಯವರಿಗೆ ಹೇಳಬೇಕಾದ ಮಾತೂ ಕಲಿಸಿ: "ಅಮ್ಮ, ಇದು ಕೊಳೆ ಅಲ್ಲ. ಉಜ್ಜಬೇಡಿ. ತೂಕ ಹತೋಟಿಗೆ ಬಂದರೆ ನಿಧಾನಕ್ಕೆ ತಿಳಿಯಾಗುತ್ತೆ." ಆ ಹುಡುಗನ ಅಮ್ಮ ಇದನ್ನು ಕೇಳಿ ಅವನ ಕತ್ತು ಸವರುತ್ತಾ ಕಣ್ಣೀರು ಹಾಕಿದರು.

ಔಷಧಿ ಕೇಳುವುದನ್ನು ಮರೆಯುತ್ತಾರೆ. ಉಬ್ಬಸಕ್ಕೆ, ಅಲರ್ಜಿಗೆ ಎಂದು ಹೆಸರಿಲ್ಲದ ಪುಡಿ ಕೊಟ್ಟಿದ್ದಾರೆಯೇ? ಮುಖಕ್ಕೆ, ತೊಡೆಸಂದಿಗೆ ತಿಂಗಳುಗಟ್ಟಲೆ ಕ್ರೀಮ್ ಹಚ್ಚಿದ್ದಾರೆಯೇ? ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೋಯೇಟ್, ನಡವಳಿಕೆಗೆ ಕೊಡುವ ರಿಸ್ಪೆರಿಡೋನ್ ಕೂಡ ತೂಕ ಏರಿಸುತ್ತವೆ.

ಹುಡುಗರ ಪೋಷಕರು ತಗ್ಗಿದ ದನಿಯಲ್ಲಿ ಕೇಳುವ ಇನ್ನೊಂದು ಪ್ರಶ್ನೆ ಇದೆ: "ಅಂಗ ಬೆಳೆದಿಲ್ಲ ಡಾಕ್ಟ್ರೇ." ಯುವ ವೈದ್ಯರು ಮೇಲಿಂದ ನೋಡಿ ಹಾರ್ಮೋನ್ ಟೆಸ್ಟ್ ಬರೆಯುತ್ತಾರೆ. ಕಿಬ್ಬೊಟ್ಟೆಯ ಕೆಳಗಿನ ಕೊಬ್ಬನ್ನು ಮೂಳೆ ಸಿಗುವವರೆಗೆ ಒತ್ತಿ ಅಳೆದರೆ ಬಹಳಷ್ಟು ಸಲ ಅಳತೆ ಸರಿಯಾಗಿಯೇ ಇರುತ್ತದೆ. ಪರದೆ ಎಳೆದು, ಮಗುವಿಗೆ ಹೇಳಿ, ಪೋಷಕರು ಪಕ್ಕದಲ್ಲಿರುವಾಗ ಮಾತ್ರ ನೋಡಬೇಕು.

## ಹಂತ 4: ಕಾಯಬಾರದ ಲಕ್ಷಣಗಳು

ಊಟದ ಮಾತಿಗೆ ಹೋಗುವ ಮುಂಚೆ ಇದು ಮುಗಿದಿರಬೇಕು.

ಕುಂಟುವ ಮಗು. ದಪ್ಪಗಿರುವ ಹತ್ತು ಹದಿನಾಲ್ಕರ ಮಗು ಮಂಡಿ ನೋವು ಎಂದು ಬಂದರೆ ಸೊಂಟದ ಕೀಲು ನೋಡದೆ ಕಳಿಸಬೇಡಿ. ತೊಡೆ ಮೂಳೆಯ ತಲೆ ಜಾರಿದ್ದರೂ ನೋವು ಮಂಡಿಯಲ್ಲೇ ಕಾಣಿಸಬಹುದು. ಮಲಗಿಸಿ ಕಾಲು ಮಡಿಸುವಾಗ ತೊಡೆ ತಾನಾಗೇ ಹೊರಗೆ ತಿರುಗುತ್ತದೆ, ಒಳಕ್ಕೆ ತಿರುಗಿಸಲು ಆಗುವುದಿಲ್ಲ. ಅನುಮಾನ ಬಂದ ಕೂಡಲೇ ನಡೆಸುವುದು ನಿಲ್ಲಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಎರಡೂ ಸೊಂಟದ ಎಕ್ಸ್‌ರೇ ತೆಗೆಸಿ, ಅದೇ ದಿನ ಮೂಳೆ ವೈದ್ಯರಿಗೆ ತೋರಿಸಬೇಕು. ಮಂಡಿಗೆ ಮುಲಾಮು ಕೊಟ್ಟು "ತೂಕ ಇಳಿಸು" ಎಂದು ಕಳಿಸಿದರೆ ಕೀಲು ಪೂರ್ತಿ ಹಾಳಾಗಬಹುದು.

ತಾನಾಗೇ ಇಳಿಯುವ ತೂಕ. ದಪ್ಪಗಿದ್ದ ಮಗು ಸೊರಗಿದರೆ ಮನೆಯವರು ಖುಷಿಪಡುತ್ತಿರುತ್ತಾರೆ. ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರ, ಹಾಸಿಗೆ ಒದ್ದೆ ಇದ್ದರೆ ಕೂತಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡಿ. ಜಾಸ್ತಿ ಇದ್ದರೆ ಕೀಟೋನ್, ಅಂದರೆ ಇನ್ಸುಲಿನ್ ಸಾಲದೆ ಕೊಬ್ಬು ಕರಗಿದಾಗ ಬರುವ ಆಮ್ಲ, ನೋಡಿ. ಸಕ್ಕರೆ ಕಾಯಿಲೆಯಲ್ಲಿ ಒಂದು ದಿನವೂ ತಡ ಮಾಡಬಾರದು.

ತಲೆನೋವು, ವಾಂತಿ, ಕಣ್ಣು ಮಂಜು. ಮಿದುಳಿನ ಒತ್ತಡ ಏರಿರಬಹುದು. ಕಣ್ಣಿನ ಹಿಂಭಾಗ ನೋಡಿಸಬೇಕು.

ಗೊರಕೆ. ಬರೀ ಗೊರಕೆಯಲ್ಲ, ಮಧ್ಯೆ ಉಸಿರು ನಿಂತಂತಾಗುವುದು, ಬೆವರುವುದು, ಹಗಲು ಕ್ಲಾಸಿನಲ್ಲಿ ತೂಕಡಿಸುವುದು. ನಿದ್ದೆಯ ವಿಡಿಯೊ ಮಾಡಿ ತರಲು ಹೇಳಿ, ಬಾಯಿಮಾತಿಗಿಂತ ಅದು ವಾಸಿ.

ಐದು ವರ್ಷದ ಒಳಗೇ ವಿಪರೀತ ಬೊಜ್ಜು ಬಂದು, ಎಷ್ಟು ತಿಂದರೂ ಹಸಿವು ತೀರದೆ ರಾತ್ರಿ ಎದ್ದು ಹುಡುಕಿ ತಿನ್ನುವ ಮಗುವನ್ನು ಮಕ್ಕಳ ಎಂಡೊಕ್ರೈನಾಲಜಿಸ್ಟ್‌ಗೆ, ಅಂದರೆ ಹಾರ್ಮೋನ್ ತಜ್ಞರಿಗೆ, ಕಳಿಸಬೇಕು. ಮನಸ್ಸು ಕುಗ್ಗಿದ, ಸಾಯುವ ಮಾತಾಡಿದ ಮಗುವನ್ನು ಅದೇ ದಿನ ಮನೋವೈದ್ಯರಿಗೆ ತೋರಿಸಬೇಕು, ಒಂಟಿಯಾಗಿ ಬಿಡಬಾರದು.

## ಹಂತ 5: ಮಾತು ಕಲಿಸಿ

ನನ್ನ ಅನುಭವದಲ್ಲಿ ಹೆಚ್ಚು ಮಕ್ಕಳನ್ನು ಕಳೆದುಕೊಳ್ಳುವುದು ಇಲ್ಲೇ. "ಏನಮ್ಮ ಇಷ್ಟು ದಪ್ಪ ಮಾಡಿದೀರಾ?" ಎಂಬ ಒಂದೇ ಮಾತು ಸಾಕು, ಆ ಅಮ್ಮ ಮತ್ತೆ ಬರುವುದಿಲ್ಲ. ಮಗು ತಲೆ ತಗ್ಗಿಸಿದ್ದು ಮೇಲೆತ್ತುವುದಿಲ್ಲ.

ನಮ್ಮಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಗು ದಪ್ಪಗಿದೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ಎಷ್ಟೋ ಮನೆಯಲ್ಲಿ ನಂಬುತ್ತಾರೆ. ಮೈ ಕೈ ತುಂಬಿಕೊಂಡ ಮಗು ಎಂದರೆ ಅಜ್ಜಿಯ ಆರೈಕೆಗೆ ಸಿಕ್ಕ ಮೆಚ್ಚುಗೆ. ಅದನ್ನು ಅಲ್ಲಗಳೆದರೆ ಅಜ್ಜಿ ನಮ್ಮ ಮಾತು ಕೇಳುವುದಿಲ್ಲ. ಅಡುಗೆಮನೆ ಅವರ ಕೈಯಲ್ಲಿದೆ.

ಆದ್ದರಿಂದ ಪಾತ್ರ ಹಾಕಿ ಅಭ್ಯಾಸ ಮಾಡಿಸಿ. ಒಬ್ಬ ಪಿಜಿ ಅಜ್ಜಿ, ಒಬ್ಬರು ಅಮ್ಮ, ಒಬ್ಬರು ಮಗು, ಹೌಸ್ ಸರ್ಜನ್ ಡಾಕ್ಟರ್. ಕನ್ನಡದಲ್ಲೇ ಆಗಲಿ. ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡುವವರು ಕನ್ನಡಕ್ಕೆ ಬಂದ ಕೂಡಲೇ "ಡುಮ್ಮ" ಎಂದುಬಿಡುವುದನ್ನು ಕೇಳಿದ್ದೇನೆ. ದಪ್ಪ, ಡುಮ್ಮ, ಗುಂಡ, ಈ ಮೂರು ಪದ ಓಪಿಡಿಯೊಳಗೆ ಬರಕೂಡದು.

ಮೊದಲು ಒಪ್ಪಿಗೆ: "ಅಮ್ಮ, ಕೆಮ್ಮಿಗೆ ಔಷಧಿ ಬರೆದಿದ್ದೀನಿ. ಮಗುವಿನ ಬೆಳವಣಿಗೆ ಬಗ್ಗೆ ಎರಡು ನಿಮಿಷ ಮಾತಾಡೋಣವಾ?" ಆಮೇಲೆ ಚಾರ್ಟ್ ತೋರಿಸಿ: "ಎತ್ತರ ಇಲ್ಲಿದೆ, ಚೆನ್ನಾಗಿದೆ. ತೂಕ ಅದಕ್ಕಿಂತ ಸ್ವಲ್ಪ ಮುಂದೆ ಓಡಿಬಿಟ್ಟಿದೆ." ಇಲ್ಲಿ ನಿಲ್ಲಿಸಿ ಸುಮ್ನೆ ಇರಬೇಕು. ಅವರೇ ಮಾತಾಡಲಿ. ಅಜ್ಜಿಗೆ: "ಅಜ್ಜಿ, ಇಷ್ಟು ಪ್ರೀತಿಯಿಂದ ನೋಡ್ಕೊಂಡಿದ್ದೀರಿ. ಇನ್ನು ಸ್ವಲ್ಪ ನಿಮ್ಮ ಸಹಾಯ ಬೇಕು." ಮಗುವಿಗೂ ನೇರವಾಗಿ ಒಂದು ಪ್ರಶ್ನೆ ಇರಲಿ: "ಪುಟ್ಟ, ಸ್ಕೂಲಲ್ಲಿ ಯಾರಾದ್ರೂ ರೇಗಿಸ್ತಾರಾ?"

## ಹಂತ 6: ದಿನಚರಿ ಕೇಳುವುದು

"ಏನು ತಿಂತಾನೆ?" ಎಂದರೆ "ಏನೂ ತಿನ್ನಲ್ಲ ಡಾಕ್ಟ್ರೇ" ಎಂಬ ಉತ್ತರ ಗ್ಯಾರಂಟಿ. ಅಮ್ಮ ಸುಳ್ಳು ಹೇಳುತ್ತಿಲ್ಲ, ಅವರಿಗೆ ತಿನ್ನುವುದೆಂದರೆ ಅನ್ನ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಒಂದೊಂದಾಗಿ ಕೇಳಬೇಕು. ಹಾಲಿಗೆ ಎಷ್ಟು ಚಮಚ ಸಕ್ಕರೆ, ಯಾವ ಪುಡಿ, ಜೊತೆಗೆ ಎಷ್ಟು ಬಿಸ್ಕತ್ತು? ಟ್ಯೂಷನ್ ಪಕ್ಕದ ಬೇಕರಿಯಲ್ಲಿ ಪಫ್ಸಾ, ದಿಲ್‌ಪಸಂದಾ? ದಿನಕ್ಕೆ ಕೈಗೆ ಎಷ್ಟು ದುಡ್ಡು? ಅಪ್ಪ ಕೆಲಸದಿಂದ ಬರುವಾಗ ಏನು ತರುತ್ತಾರೆ? ಗೋಬಿ ಮಂಚೂರಿ ವಾರಕ್ಕೆ ಎಷ್ಟು ಸಲ? ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಎಣ್ಣೆ, ಎಷ್ಟು ಜನಕ್ಕೆ?

ಲೇಬಲ್ ಓದುವುದನ್ನೂ ಕಲಿಸಿ. ಬಾಟಲಿಯ ಹಿಂದೆ 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಎಂದಿದ್ದರೆ 250 ಮಿ.ಲೀ. ಕುಡಿದಾಗ 25 ಗ್ರಾಂ ಹೋಯಿತು, ಅಂದರೆ ಐದಾರು ಚಮಚ. ಆ ಸಕ್ಕರೆಯನ್ನು ಲೋಟದಲ್ಲಿ ಸುರಿದು ತೋರಿಸಿ. ನೂರು ಮಾತಿನ ಕೆಲಸ ಅದೊಂದು ಮಾಡುತ್ತದೆ.

ನಿದ್ದೆ, ಫೋನು, ಆಟ ಕೂಡ ಇಲ್ಲೇ. ರಾತ್ರಿ ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವ ಏಳನೇ ಕ್ಲಾಸಿನ ಮಗುವಿಗೆ ನಿದ್ದೆ ಸಾಲುತ್ತಿಲ್ಲ. 6ರಿಂದ 12 ವರ್ಷಕ್ಕೆ 9ರಿಂದ 12 ಗಂಟೆ ಬೇಕು.

## ಹಂತ 7: ರಕ್ತ ಪರೀಕ್ಷೆ, ಬೇಕಾದಷ್ಟೇ

ಬೊಜ್ಜಿರುವ 10 ವರ್ಷ ದಾಟಿದ ಮಗುವಿಗೆ ಸಕ್ಕರೆ, ಲಿಪಿಡ್ (ರಕ್ತದ ಕೊಬ್ಬು), ಎಸ್‌ಜಿಪಿಟಿ (ಯಕೃತ್ತಿನ ಪರೀಕ್ಷೆ). ಖಾಲಿಹೊಟ್ಟೆ ಸಕ್ಕರೆ 100ರಿಂದ 125 ಬಂದರೆ ಅಂಚಿನಲ್ಲಿದೆ, 126 ಮುಟ್ಟಿದರೆ ಡಯಾಬಿಟಿಸ್. ಲಕ್ಷಣ ಇಲ್ಲದಿದ್ದರೆ ಮತ್ತೊಮ್ಮೆ ನೋಡಿ ಖಚಿತ ಮಾಡಿಕೊಳ್ಳಬೇಕು. ಎಸ್‌ಜಿಪಿಟಿಯಲ್ಲಿ ಲ್ಯಾಬ್ ಬರೆದ ನಾರ್ಮಲ್ ನಂಬಬೇಡಿ. ಮಕ್ಕಳಲ್ಲಿ ಮೇಲಿನ ಮಿತಿ ಹುಡುಗಿಯರಿಗೆ 22, ಹುಡುಗರಿಗೆ 26. ಅದರ ದುಪ್ಪಟ್ಟು ಮೂರು ತಿಂಗಳು ಹಾಗೇ ಉಳಿದರೆ ಯಕೃತ್ತಿನ ತಪಾಸಣೆ ಬೇಕು. ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ಯಕೃತ್ತಿನಲ್ಲಿ ಕೊಬ್ಬಿಲ್ಲ ಎನ್ನಲಾಗದು.

ಥೈರಾಯ್ಡ್ ವಿಷಯದಲ್ಲಿ ತಪ್ಪು ಜಾಸ್ತಿ. ಟಿಎಸ್‌ಎಚ್ (ಥೈರಾಯ್ಡ್ ಅನ್ನು ಪ್ರಚೋದಿಸುವ ಹಾರ್ಮೋನ್) 6, 7 ಬಂದ ಕೂಡಲೇ ಮಾತ್ರೆ ಶುರು ಮಾಡುತ್ತಾರೆ. ಎಫ್‌ಟಿ4, ಅಂದರೆ ಥೈರಾಯ್ಡ್ ಹಾರ್ಮೋನ್, ಸರಿಯಿದ್ದು, ಎತ್ತರ ಚೆನ್ನಾಗಿ ಬೆಳೆಯುತ್ತಿದ್ದರೆ, ಇಷ್ಟು ಏರಿಕೆ ಸಾಮಾನ್ಯವಾಗಿ ತೂಕದಿಂದ ಬಂದದ್ದೇ ಹೊರತು ತೂಕಕ್ಕೆ ಕಾರಣವಲ್ಲ. ಮಾತ್ರೆ ಕೊಟ್ಟರೆ ಮನೆಯವರು ಅದನ್ನೇ ನಂಬಿ ಕೂರುತ್ತಾರೆ. ಫಾಸ್ಟಿಂಗ್ ಇನ್ಸುಲಿನ್ ಪರೀಕ್ಷೆ ಎಲ್ಲರಿಗೂ ಬೇಡ.

## ಹಂತ 8: ಒಂದೋ ಎರಡೋ ಬದಲಾವಣೆ

ಡಯಟ್ ಶೀಟ್ ಕೈಗಿಟ್ಟು ಕಳಿಸುವುದು ದೊಡ್ಡ ತಪ್ಪು. ಹನ್ನೆರಡು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ಮನೆಯವರು ತಾವೇ ಆರಿಸಿದ ಒಂದೋ ಎರಡೋ ಸಾಕು. ಹಾಲಿಗೆ ಹಾಕುವ ಪುಡಿ ನಿಲ್ಲಿಸುವುದು. ಬೇಕರಿ ವಾರಕ್ಕೆ ಒಂದೇ ಸಲ. ತಟ್ಟೆಯಲ್ಲಿ ಅನ್ನಕ್ಕಿಂತ ಮೊದಲು ಪಲ್ಯ, ಕೋಸಂಬರಿ. ಊಟದ ಹೊತ್ತಿಗೆ ಟಿವಿ, ಫೋನು ಬಂದ್. ಈ ನಿಯಮ ಮನೆಗೆಲ್ಲ ಒಂದೇ ಇರಬೇಕು. ಅಣ್ಣನಿಗೆ ಐಸ್‌ಕ್ರೀಮ್ ಕೊಟ್ಟು ತಮ್ಮನಿಗೆ ಸೌತೆಕಾಯಿ ಕೊಡುವುದು ಮಗುವಿಗೆ ಮಾಡುವ ಅನ್ಯಾಯ.

ಆಟ ದಿನಕ್ಕೆ 60 ನಿಮಿಷ, ಮೈ ಬೆವರುವಂತೆ. ಒಮ್ಮೆಲೇ ಬೇಡ, ಇಪ್ಪತ್ತರಿಂದ ಶುರುವಾಗಲಿ. ಜಿಮ್ ಬೇಕಿಲ್ಲ. ಲಗೋರಿ, ಸ್ಕಿಪ್ಪಿಂಗ್, ಸೈಕಲ್, ಯಾವುದಾದರೂ ಸರಿ.

ಗುರಿ ತೂಕ ಇಳಿಸುವುದೇ ಆಗಬೇಕಿಲ್ಲ. ಬೆಳೆಯುವ ಮಗುವಿಗೆ ತೂಕ ನಿಂತರೂ ಗೆದ್ದಂತೆ. ಅದೇ ಹುಡುಗ 52 ಕೆಜಿಯಲ್ಲೇ ನಿಂತು ವರ್ಷಕ್ಕೆ 6 ಸೆಂ.ಮೀ. ಬೆಳೆದರೆ ಬಿಎಂಐ 26.5ರಿಂದ 24.4ಕ್ಕೆ ಬರುತ್ತದೆ. ಈ ಲೆಕ್ಕವನ್ನು ಪೋಷಕರ ಮುಂದೆ ಮಾಡಿ ತೋರಿಸಲು ಯುವ ವೈದ್ಯರಿಗೆ ಕಲಿಸಿ. ಅವರ ಮುಖದ ಗಾಬರಿ ಇಳಿಯುವುದು ಕಾಣುತ್ತದೆ.

ಉಪವಾಸ, ಒಂದು ಹೊತ್ತು ಊಟ, ಕಷಾಯ, ಪುಡಿ, ಇವು ಬೇಡವೇ ಬೇಡ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ತೂಕ ಇಳಿಸುವ ಮಾತ್ರೆಯಲ್ಲ. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಪೋಷಕರೇ ಕೇಳುತ್ತಾರೆ. ಲಿರಾಗ್ಲುಟೈಡ್‌ಗೆ 2020ರಲ್ಲಿ, ಸೆಮಾಗ್ಲುಟೈಡ್‌ಗೆ 2022ರಲ್ಲಿ ಅಮೆರಿಕದ ಔಷಧ ಇಲಾಖೆ 12 ವರ್ಷ ದಾಟಿದ ಬೊಜ್ಜಿನ ಮಕ್ಕಳಿಗೆ ಒಪ್ಪಿಗೆ ಕೊಟ್ಟಿದೆ. ಶುರು ಮಾಡುವ ತೀರ್ಮಾನ ತಜ್ಞರದು, ಹೌಸ್ ಸರ್ಜನ್‌ದಲ್ಲ.

## ಹಂತ 9: ಮತ್ತೆ ಬರುವಂತೆ ಮಾಡುವುದು

"ಆಗಾಗ ಬನ್ನಿ" ಎಂದರೆ ಯಾರೂ ಬರುವುದಿಲ್ಲ. ಎರಡರಿಂದ ನಾಲ್ಕು ವಾರದೊಳಗೆ ತಾರೀಖು, ವಾರ, ವೈದ್ಯರ ಹೆಸರು ಚೀಟಿಯಲ್ಲಿ ಬರೆದಿರಬೇಕು. ಆಮೇಲೆ ತಿಂಗಳಿಗೊಮ್ಮೆ. ಬಂದ ಮಗುವನ್ನು ಮೊದಲು ತೂಕದ ಯಂತ್ರಕ್ಕೆ ಹತ್ತಿಸಬೇಡಿ. "ಸೈಕಲ್ ತುಳಿದ್ಯಾ?" ಎಂದು ಕೇಳಿ ಶುರು ಮಾಡಿ.

ಹೌಸ್ ಸರ್ಜನ್ ಪೋಸ್ಟಿಂಗ್ ಬೇಗ ಮುಗಿಯುತ್ತದೆ, ಮಗುವಿನ ಬೊಜ್ಜು ಮುಗಿಯುವುದಿಲ್ಲ. ಆದ್ದರಿಂದ ಯೂನಿಟ್‌ನಲ್ಲಿ ಒಂದು ರಿಜಿಸ್ಟರ್ ಇಡಿ: ತಾರೀಖು, ಬಿಎಂಐ, ಒಪ್ಪಿಕೊಂಡ ಬದಲಾವಣೆ, ಮುಂದಿನ ಭೇಟಿ. ಹೋಗುವವರು ಬರುವವರಿಗೆ ಹೆಸರು ಹಿಡಿದು ಒಪ್ಪಿಸಲಿ.

ಕಲಿತರೋ ಇಲ್ಲವೋ ತಿಳಿಯಲು ಥಿಯರಿ ಪರೀಕ್ಷೆ ಬೇಡ. ಪ್ರತಿ ಶನಿವಾರ ಆ ವಾರದ ಇಪ್ಪತ್ತು ಓಪಿಡಿ ಚೀಟಿ ತೆಗೆಯಿರಿ. ಎತ್ತರ ಎಷ್ಟರಲ್ಲಿದೆ, ಚಾರ್ಟಿನಲ್ಲಿ ಚುಕ್ಕಿ ಎಷ್ಟರಲ್ಲಿದೆ, ಬಿಪಿ ಎಷ್ಟರಲ್ಲಿದೆ ಎಂದು ಎಣಿಸಿ ಬೋರ್ಡಿನ ಮೇಲೆ ಬರೆಯಿರಿ. ಯಾರ ಹೆಸರೂ ಬರೆಯಬೇಡಿ. ಸಂಖ್ಯೆ ಇಪ್ಪತ್ತಕ್ಕೆ ಹದಿನೆಂಟು ಮುಟ್ಟಿದ ವಾರ ಬೊಜ್ಜಿನ ಮೇಲಿನ ನಿಮ್ಮ ಕ್ಲಾಸ್ ತೆಗೆದುಕೊಳ್ಳಿ. ಆಗ ಅವರೇ ತಾವು ಕಂಡ ಮಕ್ಕಳ ಪ್ರಶ್ನೆ ಹಿಡಿದುಕೊಂಡು ಬಂದಿರುತ್ತಾರೆ.